ಹಲ್ಲು ಮೂಡುವ ಕಾಲದ ಮದ್ದುಗಳು: ಗುಣ ಯಾರದು, ಹೊಣೆ ಯಾರದು?

ಆರೇಳು ತಿಂಗಳ ಕೂಸು ಜೊಲ್ಲು ಸುರಿಸುತ್ತ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ, ರಾತ್ರಿಯೆಲ್ಲ ರಚ್ಚೆ ಹಿಡಿಯತೊಡಗಿತೆಂದರೆ ಮನೆಯಲ್ಲಿ ಮದ್ದಿನ ಮಾತು ಶುರುವಾಗುತ್ತದೆ. ಅಜ್ಜಿ ಬಜೆ ಬೇರು ತೇಯಲು ಸಾಣೆಕಲ್ಲು ತೊಳೆದಿಡುತ್ತಾರೆ. ಪಕ್ಕದ ಮನೆಯವರು ಹೋಮಿಯೋಪತಿಯ ಸಿಹಿ ಗುಳಿಗೆಯ ಹೆಸರು ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನವರು ವಸಡಿಗೆ ಹಚ್ಚುವ ಜೆಲ್ ತೋರಿಸುತ್ತಾರೆ. ವಿದೇಶದಲ್ಲಿರುವ ನೆಂಟರು ಅಂಬರ್ ಮಣಿಯ ಸರ ಕಳಿಸುತ್ತೇವೆ ಎನ್ನುತ್ತಾರೆ. ಇವರೆಲ್ಲ ಕೊಡುವ ಖಾತರಿ ಮಾತ್ರ ಒಂದೇ: ‘ನಮ್ಮ ಮಕ್ಕಳಿಗೂ ಇದನ್ನೇ ಮಾಡಿದ್ದು, ನಾಲ್ಕು ದಿನದಲ್ಲಿ ಸರಿಹೋಯಿತು.’

ಈ ಖಾತರಿ ಎಷ್ಟು ಗಟ್ಟಿ ಎಂದು ಪರೀಕ್ಷಿಸದೆ ಈ ಮದ್ದುಗಳ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಪ್ರೀತಿಯಿಂದ ಕೊಡುವ ಸಲಹೆಯನ್ನು ಮೌಢ್ಯ ಎಂದು ತಳ್ಳಿಹಾಕುವುದು ಸುಲಭ, ಅದರಿಂದ ಯಾವ ತಾಯಿಗೂ ಉಪಯೋಗವಿಲ್ಲ. ಪ್ರತಿ ಮದ್ದಿಗೂ ಎರಡೇ ಪ್ರಶ್ನೆ ಹಾಕೋಣ. ಅದು ನಿಜವಾಗಿ ನೋವು ಇಳಿಸುತ್ತದೆಯೇ? ಇಳಿಸಲಿ ಬಿಡಲಿ, ಮಗುವಿಗೆ ಅದರಿಂದ ಕೇಡಿಲ್ಲವೇ?

ಮೊದಲು, ಹಲ್ಲು ಮೂಡುವಾಗ ಆಗುವುದೇನು ಎಂಬುದು ತಿಳಿಯಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 125 ಕೂಸುಗಳ ಲಕ್ಷಣಗಳನ್ನು ತಂದೆತಾಯಿಯರಿಂದ ದಿನದಿನವೂ ಬರೆಯಿಸಿ, 475 ಹಲ್ಲುಗಳು ಮೂಡಿದ ವಿವರ ಕಲೆಹಾಕಿ 2000ನೇ ಇಸವಿಯಲ್ಲಿ ಪ್ರಕಟಿಸಿದರು. ಹಲ್ಲು ಕಾಣಿಸುವ ನಾಲ್ಕು ದಿನ ಮೊದಲಿನಿಂದ ಮೂರು ದಿನದ ನಂತರದವರೆಗೆ, ಅಂದರೆ ಒಟ್ಟು ಎಂಟು ದಿನ, ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ, ಎಚ್ಚರಗೊಳ್ಳುವುದು, ಗಟ್ಟಿ ಆಹಾರ ಬೇಡವೆನ್ನುವುದು, ಮೈ ತುಸು ಬೆಚ್ಚಗಾಗುವುದು ಹೆಚ್ಚಿದ್ದವು. ಜೋರು ಜ್ವರ, ಭೇದಿ, ವಾಂತಿ, ಕೆಮ್ಮು ಇವಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ. ಯಾವ ಒಂದು ಲಕ್ಷಣವೂ ಹಲ್ಲು ಬರುತ್ತಿದ್ದ ಮಕ್ಕಳಲ್ಲಿ ಶೇ. 35ಕ್ಕಿಂತ ಹೆಚ್ಚಿನವರಲ್ಲಿ ಇರಲಿಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಬ್ರೆಜಿಲ್‌ನ ಸಂಶೋಧಕರೂ ಇದೇ ತೀರ್ಮಾನಕ್ಕೆ ಬಂದರು: ಮೈ ಬಿಸಿ ಸ್ವಲ್ಪ ಏರಬಹುದು, ಅದು ಜ್ವರದ ಮಟ್ಟ ಮುಟ್ಟುವುದಿಲ್ಲ.

ಎಂಟು ದಿನ ಎಂಬ ಲೆಕ್ಕದಲ್ಲೇ ಆ ಖಾತರಿಯ ಗುಟ್ಟು ಅಡಗಿದೆ. ಹಾಲುಹಲ್ಲು ಒಟ್ಟು 20. ಸುಮಾರು ಆರನೇ ತಿಂಗಳಿಂದ ಎರಡೂವರೆ ವರ್ಷದವರೆಗೆ ಒಂದಾದ ಮೇಲೊಂದು ಮೂಡುತ್ತವೆ. ಪ್ರತಿ ಹಲ್ಲಿನ ಕಾಟ ಏರಿ ತಾನಾಗಿ ಇಳಿಯುತ್ತದೆ. ತಂದೆತಾಯಿ ಮದ್ದು ಹುಡುಕುವುದು ಕಾಟ ತಾರಕಕ್ಕೇರಿದ ದಿನ, ಮೂರನೆಯದೋ ನಾಲ್ಕನೆಯದೋ ದಿನ. ಅಲ್ಲಿಂದ ಮುಂದೆ ಏನು ಕೊಟ್ಟರೂ, ಏನೂ ಕೊಡದಿದ್ದರೂ, ಇಳಿಯುವುದೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತದೆ. ಆದ್ದರಿಂದ ‘ನಮ್ಮ ಮಗುವಿಗೆ ಗುಣವಾಯಿತು’ ಎಂಬ ಮಾತು ಸುಳ್ಳಲ್ಲ. ಗುಣ ಮಾಡಿದ್ದು ಆ ಮದ್ದೇ ಎಂಬುದಕ್ಕೆ ಮಾತ್ರ ಅದು ಪುರಾವೆಯಾಗುವುದಿಲ್ಲ. ಅದಕ್ಕೆ ಮದ್ದು ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹಾಗೆ ನೋಡದೆ ನಂಬಿದ್ದರ ಬೆಲೆ ಇತಿಹಾಸದಲ್ಲಿದೆ. 1839ರ ಒಂದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಸರ್ಕಾರಿ ದಾಖಲೆ ‘ಹಲ್ಲು ಮೂಡುವಿಕೆ’ಯೇ ಕಾರಣ ಎಂದು ಬರೆದುಕೊಂಡಿತು. ಕಾಯಿಲೆಗೆ ಅಷ್ಟು ದೊಡ್ಡ ಹೆಸರು ಬಂದ ಮೇಲೆ ಮದ್ದೂ ಅಷ್ಟೇ ದೊಡ್ಡದಾಯಿತು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್’ ಹಲ್ಲು ಬರುವ ಮಕ್ಕಳನ್ನು ತಣ್ಣಗೆ ಮಲಗಿಸುತ್ತಿತ್ತು, ಏಕೆಂದರೆ ಅದರಲ್ಲಿದ್ದದ್ದು ಮಾರ್ಫಿನ್. ಕೆಲವು ಮಕ್ಕಳು ಏಳಲೇ ಇಲ್ಲ. 1911ರಲ್ಲಿ ಅಮೆರಿಕದ ವೈದ್ಯರ ಸಂಘ ಅದನ್ನು ಮಕ್ಕಳನ್ನು ಕೊಲ್ಲುವ ಮದ್ದುಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ನಿನಲ್ಲಿ ಮನೆಮನೆಯಲ್ಲೂ ಇದ್ದ ಹಲ್ಲಿನ ಪುಡಿಮದ್ದುಗಳಲ್ಲಿ ಕ್ಯಾಲೊಮೆಲ್, ಅಂದರೆ ಪಾದರಸದ ಲವಣ ಇರುತ್ತಿತ್ತು. ಕೈಕಾಲು ಕೆಂಪೇರಿ, ಚರ್ಮ ಸುಲಿದು, ಬೆಳಕನ್ನು ಸಹಿಸಲಾರದೆ ನರಳುತ್ತಿದ್ದ ಕೂಸುಗಳ ಕಾಯಿಲೆಗೆ ‘ಪಿಂಕ್ ಡಿಸೀಸ್’ ಎಂದು ಹೆಸರಿಟ್ಟು ವೈದ್ಯರು ದಶಕಗಟ್ಟಲೆ ಕಾರಣ ಹುಡುಕಿದರು. ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಸಂಗಡಿಗರು 1940ರ ದಶಕದಲ್ಲಿ ಅಂಥ ಮಕ್ಕಳ ಮೂತ್ರದಲ್ಲಿ ಪಾದರಸ ಕಂಡುಹಿಡಿದರು. 1954ರಲ್ಲಿ ತಯಾರಕರು ಪುಡಿಯಿಂದ ಕ್ಯಾಲೊಮೆಲ್ ತೆಗೆದರು, ಆಮೇಲೆ ಕಾಯಿಲೆಯೇ ಕಾಣೆಯಾಯಿತು. ಆ ಪುಡಿಯನ್ನು ತಲೆಮಾರುಗಳ ತಾಯಂದಿರು ಮೆಚ್ಚಿದ್ದರು ಎಂಬುದನ್ನು ಮರೆಯಬಾರದು. ಬಹುಕಾಲದ ಬಳಕೆ ಸುರಕ್ಷತೆಯ ಸಾಕ್ಷಿಯಲ್ಲ.

ಈಗಿನ ಮದ್ದುಗಳಿಗೆ ಬರೋಣ. ಹೋಮಿಯೋಪತಿ ಗುಳಿಗೆಗೆ ಅಡ್ಡಪರಿಣಾಮವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಲ್ಲಿಗೆ ಹೆಚ್ಚಾಗಿ ಕೊಡುವುದು ಕ್ಯಾಲ್ಕೇರಿಯಾ ಫಾಸ್, 6ಎಕ್ಸ್ ಸಾಮರ್ಥ್ಯದ್ದು. 6ಎಕ್ಸ್ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 100 ಮಿಲಿಗ್ರಾಂ ಮಾತ್ರೆಯಲ್ಲಿ ಇರುವ ಕ್ಯಾಲ್ಸಿಯಂ ಫಾಸ್ಫೇಟ್ ಒಂದು ಮೈಕ್ರೋಗ್ರಾಮಿನ ಹತ್ತನೇ ಒಂದು ಭಾಗ. ಅದೇ 100 ಮಿಲಿಲೀಟರ್ ತಾಯಿಹಾಲಿನಲ್ಲಿ ಸುಮಾರು 25ರಿಂದ 30 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಂದರೆ ಲಕ್ಷಾಂತರ ಪಟ್ಟು ಹೆಚ್ಚು. ಹಲ್ಲಿಗೆ ಬೇಕಾದ ಸುಣ್ಣದಂಶ ಗುಳಿಗೆಯಿಂದ ಬರುತ್ತದೆಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮಿಕ್ಕಿದ್ದು ಹಾಲಿನ ಸಕ್ಕರೆ.

ಹಾಗಾದರೆ ಕೇಡೇನು? ಮೂಲವಸ್ತುವನ್ನು ಹೀಗೆ ದುರ್ಬಲಗೊಳಿಸುವ ಕೆಲಸ ಸರಿಯಾಗಿ ಆಗದಿದ್ದಾಗ ಕೇಡು ಎದುರಾಗುತ್ತದೆ. ಅಮೆರಿಕದಲ್ಲಿ ಹೈಲ್ಯಾಂಡ್ಸ್ ಕಂಪನಿಯ ಹಲ್ಲಿನ ಗುಳಿಗೆಯಲ್ಲಿ ಬೆಲ್ಲಡೋನಾ ಎಂಬ ವಿಷಗಿಡದ ಅಂಶ ಒಂದು ಮಾತ್ರೆಯಲ್ಲಿ ಒಂದು ಪ್ರಮಾಣ, ಇನ್ನೊಂದರಲ್ಲಿ ಇನ್ನೊಂದು ಪ್ರಮಾಣ ಇರುವುದು ಮೊದಲು 2010ರಲ್ಲಿ ಬೆಳಕಿಗೆ ಬಂದು, ಗುಳಿಗೆಗಳನ್ನು ಹಿಂದಕ್ಕೆ ಕರೆಸಲಾಯಿತು. ಮತ್ತೆ ಮಾರುಕಟ್ಟೆಗೆ ಬಂದ ಮೇಲೆ 2016ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೋಮಿಯೋಪತಿ ಹಲ್ಲಿನ ಗುಳಿಗೆ, ಜೆಲ್‌ಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. ಫಿಟ್ಸ್, ಉಸಿರಾಟದ ತೊಂದರೆಯಂಥ 400ಕ್ಕೂ ಹೆಚ್ಚು ದೂರುಗಳು, ಅವುಗಳಲ್ಲಿ 10 ಸಾವುಗಳು ಅದರ ಮುಂದಿದ್ದವು. ಸಾವುಗಳಿಗೆ ಗುಳಿಗೆಯೇ ಕಾರಣ ಎಂದು ಸಂಸ್ಥೆ ಹೇಳಲಿಲ್ಲ, ನಾವೂ ಹೇಳಬಾರದು. ಆದರೆ 2017ರ ಪ್ರಯೋಗಾಲಯ ಪರೀಕ್ಷೆಯಲ್ಲಿ ಕೆಲವು ಮಾತ್ರೆಗಳ ಬೆಲ್ಲಡೋನಾ ಪ್ರಮಾಣ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಿರುವುದು ಖಚಿತವಾಯಿತು. ಸರಿಯಾಗಿ ತಯಾರಾದರೆ ಅದರಲ್ಲಿ ಏನೂ ಇಲ್ಲ, ತಪ್ಪಾಗಿ ತಯಾರಾದರೆ ವಿಷವಿದೆ. ಎರಡು ಬಗೆಯಲ್ಲೂ ಮಗುವಿಗೆ ಲಾಭವಿಲ್ಲ.

ಅಂಬರ್ ಸರದ ಕಥೆ ಇನ್ನೂ ಸರಳ. ಮೈಯ ಬಿಸಿಗೆ ಮಣಿಯಿಂದ ಸಕ್ಸಿನಿಕ್ ಆಮ್ಲ ಹೊರಬಂದು ಚರ್ಮದ ಮೂಲಕ ಒಳಸೇರಿ ನೋವು ತಣಿಸುತ್ತದೆ ಎಂಬುದು ಮಾರುವವರ ವಾದ. 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮಣಿಗಳನ್ನು ದ್ರಾವಣಗಳಲ್ಲಿ ಇಟ್ಟು ಪರೀಕ್ಷಿಸಿದಾಗ, ಮೈಯ ನೀರನ್ನು ಹೋಲುವ ದ್ರಾವಣಕ್ಕೆ ಆಮ್ಲ ಇಳಿದದ್ದು ಕಾಣಲಿಲ್ಲ. ಆದರೆ ಸರ ಕುತ್ತಿಗೆಯಲ್ಲಿ ಇದ್ದೇ ಇರುತ್ತದೆ. 2018ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಇಂಥ ಆಭರಣಗಳ ವಿರುದ್ಧ ಎಚ್ಚರಿಕೆ ಕೊಟ್ಟಾಗ ಪ್ರಸ್ತಾಪಿಸಿದ ಪ್ರಕರಣಗಳಲ್ಲಿ ಒಂದು, ಮಲಗಿದ್ದಾಗ ಅಂಬರ್ ಸರ ಬಿಗಿದು ಸತ್ತ 18 ತಿಂಗಳ ಮಗುವಿನದು. ನಮ್ಮಲ್ಲಿ ಬಜೆ ತುಂಡನ್ನೋ ಬೆಳ್ಳುಳ್ಳಿಯನ್ನೋ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟುವವರಿಗೂ ಈ ಎಚ್ಚರಿಕೆ ಅಷ್ಟೇ ಅನ್ವಯಿಸುತ್ತದೆ. ಬಿಗಿಯುವ ದಾರಕ್ಕೆ ಮಣಿ ಯಾವ ದೇಶದ್ದು ಎಂಬ ಭೇದವಿಲ್ಲ. ಹರಿದು ಬಿದ್ದ ಮಣಿ ಗಂಟಲಿಗೆ ಸಿಕ್ಕುವ ಭಯ ಬೇರೆ.

ಬಜೆಯನ್ನು ತೇಯ್ದು ನಾಲಿಗೆಗೆ ಹಚ್ಚುವುದು ನಮ್ಮ ಬಾಣಂತನದ ಮನೆಗಳ ಹಳೆಯ ಪದ್ಧತಿ. ಮಗುವಿನ ಮಾತು, ಜೀರ್ಣ, ಹಲ್ಲು ಎಲ್ಲಕ್ಕೂ ಅದು ಮದ್ದು. ಏಷ್ಯಾದ ಹಲವು ಬಜೆ ತಳಿಗಳಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕ ಹೆಚ್ಚಿರುತ್ತದೆ. ಇಲಿಗಳಲ್ಲಿ ಅದು ಗಂಟು ಬೆಳೆಸಿದ್ದನ್ನು ಕಂಡು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಇಲಿಗೆ ಕೊಟ್ಟ ಪ್ರಮಾಣ ದೊಡ್ಡದು, ಒಂದು ಸುತ್ತು ತೇಯ್ದ ಬಜೆಯಿಂದ ಕೂಸಿಗೆ ಅದೇ ಗತಿ ಎಂದು ಹೆದರಿಸುವುದು ನ್ಯಾಯವಲ್ಲ. ಆದರೆ ಸಾಣೆಕಲ್ಲಿನ ಮೇಲೆ ಪ್ರಮಾಣ ಅಳೆಯಲಾಗುವುದಿಲ್ಲ. ಕಲ್ಲು, ನೀರು, ಬೆರಳು ಇವುಗಳ ಕೊಳೆಯೂ ಮದ್ದಿನ ಜತೆಗೇ ಬಾಯಿಗೆ ಹೋಗುತ್ತದೆ.

ಜೇನು ಮತ್ತು ಬಿಳಿಗಾರದ ವಿಷಯದಲ್ಲಿ ಇಷ್ಟು ಮೆದುವಾಗಿ ಮಾತಾಡಲಾಗದು. ಜೇನಿನಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಿ ಸ್ನಾಯುಗಳನ್ನು ನಿಶ್ಶಕ್ತಗೊಳಿಸಬಲ್ಲವು. ಅದಕ್ಕೇ ವರ್ಷ ತುಂಬುವವರೆಗೆ ಜೇನು ಬೇಡ ಎನ್ನುವುದು. ಬಿಳಿಗಾರವನ್ನು ಜೇನಿನಲ್ಲಿ ಕಲಸಿ ಬಾಯಿಗೆ ಹಚ್ಚುವ ರೂಢಿ ನಮ್ಮಲ್ಲೂ ಇದೆ, ಬ್ರಿಟನ್ನಿನಲ್ಲೂ ಇತ್ತು. ಅಲ್ಲಿ ಅದನ್ನು ಹಚ್ಚಿದ ನಿಪ್ಪಲ್ ಚೀಪುತ್ತಿದ್ದ ಏಳು ಕೂಸುಗಳಿಗೆ ಫಿಟ್ಸ್ ಬಂದದ್ದನ್ನು 1983ರಲ್ಲಿ ವೈದ್ಯರು ದಾಖಲಿಸಿದರು. ಆ ಮಿಶ್ರಣ ನಿಲ್ಲಿಸಿದ ಮೇಲೆ ಫಿಟ್ಸ್ ನಿಂತಿತು.

ಹಾಗೆಂದು ಅಂಗಡಿಯ ‘ಇಂಗ್ಲಿಷ್ ಮದ್ದು’ ಎಲ್ಲವೂ ಒಳ್ಳೆಯದು ಎಂದು ತಿಳಿಯಬೇಕಿಲ್ಲ. ಬೆಂಜೊಕೇನ್ ಇರುವ ಮರಗಟ್ಟಿಸುವ ಜೆಲ್ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸಬಲ್ಲದು. ಎರಡು ವರ್ಷದೊಳಗಿನ ಮಕ್ಕಳ ಹಲ್ಲಿಗೆ ಅದನ್ನು ಮಾರಬೇಡಿ ಎಂದು 2018ರಲ್ಲಿ ಎಫ್‌ಡಿಎ ಕಂಪನಿಗಳಿಗೆ ಹೇಳಿತು. ಕೋಲೀನ್ ಸ್ಯಾಲಿಸಿಲೇಟ್ ಇರುವ ಬಾಯಿಹುಣ್ಣಿನ ಜೆಲ್ ಆಸ್ಪಿರಿನ್ ವರ್ಗದ್ದು, ಬ್ರಿಟನ್ 2009ರಲ್ಲಿ ಅದನ್ನು 16ರೊಳಗಿನವರಿಗೆ ಬೇಡ ಎಂದಿತು. ನೈಜೀರಿಯಾದಲ್ಲಿ 2008ರ ಕೊನೆಯಲ್ಲಿ ‘ಮೈ ಪಿಕಿನ್’ ಎಂಬ ಹಲ್ಲಿನ ಸಿರಪ್‌ಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಸೇರಿಕೊಂಡು ಮೂತ್ರಪಿಂಡ ಕೆಟ್ಟು 84 ಮಕ್ಕಳು ಸತ್ತರು. ಪದ್ಧತಿ ಯಾವುದೇ ಇರಲಿ, ಬೇಡದ ಮದ್ದಿನ ಪ್ರತಿ ಹನಿಯಲ್ಲೂ ಅದರ ತಯಾರಿಕೆಯ ತಪ್ಪನ್ನೂ ಮಗು ಕುಡಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ದೊಡ್ಡ ಆತಂಕ ಬಾಟಲಿಯ ಒಳಗಿನದ್ದರ ಬಗ್ಗೆ ಅಲ್ಲ. ‘ಹಲ್ಲು ಬರ್ತಿದೆ, ಅದಕ್ಕೇ’ ಎಂಬ ಮಾತಿನ ಬಗ್ಗೆ. ಆರನೇ ತಿಂಗಳ ಹೊತ್ತಿಗೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಮೇಲಿನ ಆಹಾರ ಆಗಲೇ ಶುರು. ಮಗು ತೆವಳುತ್ತದೆ, ನೆಲದ ಮೇಲಿನದ್ದೆಲ್ಲ ಬಾಯಿಗೆ ಹೋಗುತ್ತದೆ. ಸೋಂಕು ತಗಲುವ ವಯಸ್ಸೂ ಹಲ್ಲು ಮೂಡುವ ವಯಸ್ಸೂ ಒಂದೇ ಆದದ್ದರಿಂದ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತೇವೆ. 1992ರಲ್ಲಿ, ಹಲ್ಲಿನ ಕಾಟ ಎಂದು ತಂದೆತಾಯಿ ಕರೆತಂದ 20 ಕೂಸುಗಳ ಬಾಯಿ ಪರೀಕ್ಷಿಸಿದಾಗ 9 ಮಕ್ಕಳಲ್ಲಿ ಹರ್ಪಿಸ್ ವೈರಸ್ ಸಿಕ್ಕಿತು. ‘ಹಲ್ಲು ಬರುವಾಗ ಭೇದಿ ಸಹಜ’ ಎಂದು ಮೂರು ದಿನ ಕಾದರೆ ಕೂಸಿನ ಮೈಯ ನೀರು ಬತ್ತಿಹೋಗುತ್ತದೆ. ಆಗ ಬೇಕಿರುವುದು ಓಆರ್‌ಎಸ್, ಎದೆಹಾಲು ನಿಲ್ಲಿಸದಿರುವುದು, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಸತು. ಇವು ನಮ್ಮ ಅಂಗನವಾಡಿ, ಆರೋಗ್ಯ ಕೇಂದ್ರಗಳ ಮಟ್ಟದಲ್ಲೇ ಸಿಗುವಂಥವು. ನಿರಪಾಯದ ಸಕ್ಕರೆ ಗುಳಿಗೆ ಕೂಡ ಈ ಮೂರು ದಿನವನ್ನು ನುಂಗಿದರೆ ಅಪಾಯಕಾರಿಯೇ. 1839ರ ಆ ಐದು ಸಾವಿರ ಸಾವುಗಳ ಹಿಂದೆ ಇಂಥ ಎಷ್ಟು ಭೇದಿ, ಎಷ್ಟು ಜ್ವರ ಅಡಗಿದ್ದವೋ ಎಂದು ಯೋಚಿಸಿದರೆ ಈ ಒಂದು ಮಾತಿನ ತೂಕ ತಿಳಿಯುತ್ತದೆ.

ಹಾಗಾದರೆ ನರಳುವ ಕೂಸಿಗೆ ಏನೂ ಇಲ್ಲವೇ? ಇದೆ, ಅದಕ್ಕೆ ಪುರಾವೆಯೂ ಇದೆ. ಇರಾನಿನ ಸಂಶೋಧಕರು 2015ರಲ್ಲಿ 270 ಮಕ್ಕಳನ್ನು ಐದು ಗುಂಪು ಮಾಡಿ ಔಷಧವಿಲ್ಲದ ಐದು ಉಪಾಯಗಳನ್ನು ಹೋಲಿಸಿದರು. ಕಚ್ಚುವ ರಿಂಗು, ಎತ್ತಿ ಅಪ್ಪಿಕೊಳ್ಳುವುದು, ವಸಡು ಉಜ್ಜುವುದು ಈ ಮೂರಕ್ಕೆ ಒಳ್ಳೆಯ ಫಲ ಸಿಕ್ಕಿತು. ಸೋಪಿನಲ್ಲಿ ಕೈ ತೊಳೆದು ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ. ಶುಚಿಯಾದ ಒದ್ದೆ ಬಟ್ಟೆಯನ್ನು ತಣ್ಣಗೆ ಮಾಡಿ ಕಣ್ಣೆದುರೇ ಕಚ್ಚಲು ಕೊಡಿ. ರಿಂಗನ್ನು ಫ್ರೀಜರ್‌ನಲ್ಲಿ ಕಲ್ಲಾಗಿಸಬೇಡಿ, ಒಳಗೆ ನೀರಿರುವುದು ಬೇಡ. ಜೊಲ್ಲನ್ನು ಆಗಾಗ ಒರೆಸಿ. ರಾತ್ರಿ ತೀರಾ ನರಳಿದರೆ ಪ್ಯಾರಾಸಿಟಮಾಲ್ ಕೊಡಬಹುದು, ಅದೂ ಮಗುವಿನ ತೂಕಕ್ಕೆ ಎಷ್ಟೆಂದು ವೈದ್ಯರಿಂದ ಬರೆಸಿಕೊಂಡು ಮಾತ್ರ, ಏಕೆಂದರೆ ಡ್ರಾಪ್ಸ್ ಮತ್ತು ಸಿರಪ್‌ನ ಸಾಂದ್ರತೆ ಬೇರೆಬೇರೆ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಭೇದಿ ವಾಂತಿ ಇದ್ದರೆ, ಮಗು ಹಾಲು ಬಿಟ್ಟರೆ ಹಲ್ಲನ್ನು ಮರೆತು ಆಸ್ಪತ್ರೆಗೆ ಹೋಗಿ.

ಪರ್ಯಾಯ ಮದ್ದುಗಳ ಬಗ್ಗೆ ನನ್ನ ತೀರ್ಪು ಇದು: ಅವುಗಳಿಗೆ ನಾವು ಕೊಟ್ಟಿರುವ ಕೀರ್ತಿ ಕಾಲಕ್ಕೆ ಸಲ್ಲಬೇಕಾದದ್ದು, ಅವು ತಂದಿಟ್ಟ ಕೇಡು ಮಾತ್ರ ಅವುಗಳದೇ. ಅಜ್ಜಿಯ ಪದ್ಧತಿಯಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ಅವರ ಮಡಿಲು ಮತ್ತು ಬೆರಳು. ಮನೆಗೆ ಹೊಸ ಕೂಸು ಬಂದಾಗ ಹಿರಿಯರು ದಾಟಿಸಬೇಕಾದ ತಿಳಿವಳಿಕೆ ಅದು. ಕಿರಿಯರು ಅವರಿಗೆ ತಿರುಗಿ ಹೇಳಬೇಕಾದದ್ದೂ ಒಂದಿದೆ: ಹಲ್ಲು ಯಾವ ಮಗುವಿಗೂ ಜ್ವರ ತರುವುದಿಲ್ಲ, ಭೇದಿ ತರುವುದಿಲ್ಲ.