ಆನೆಪಾದ ಮತ್ತು ಒಂದೆಳೆ ಪಾಕ

ಮೈಸೂರುಪಾಕಿಗೆ ಪಾಕ ಹಿಡಿಯುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಹಚ್ಚಿ, ಬಿಡಿಸಿ ನೋಡುತ್ತೇವಲ್ಲ, ಆ ಎಳೆ ಎಷ್ಟು ದಪ್ಪವಿರಬೇಕೆಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? 'ಹದ ಬಂದಾಗ ಗೊತ್ತಾಗುತ್ತೆ' ಎಂದು ತಾನೆ? ಈ ಉತ್ತರಕ್ಕೆ ನಮ್ಮ ಮನೆಯ ಗಂಡಸರು ನಗುತ್ತಾರೆ. ಅಡುಗೆಮನೆಯಲ್ಲಿ ಎಲ್ಲವೂ ಅಂದಾಜು, ಗ್ಯಾರೇಜಿನಲ್ಲಿ ಎಲ್ಲವೂ ಅಳತೆ ಎಂಬುದು ಅವರ ನಂಬಿಕೆ. ಬಹುಕಾಲ ನಾನೂ ಹಾಗೇ ನಂಬಿದ್ದೆ. ಅದು ಸಡಿಲವಾದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, 2018ರಲ್ಲಿ ಮಗಳ ಬಾಣಂತನಕ್ಕೆಂದು ಹೋಗಿದ್ದಾಗ.

ಎದುರುಮನೆಯ ಹಿರಿಯರ ಬಳಿ ಒಂದು ಹಳೆಯ ಪೋರ್ಷೆ 911 ಕಾರಿತ್ತು. ಅದೇ ಊರಿನ ಜುಫನ್‌ಹೌಸನ್ ಬಡಾವಣೆಯಲ್ಲಿ ತಯಾರಾಗುವ ಕಾರು. 1963ರಲ್ಲಿ 901 ಎಂಬ ಹೆಸರಿನಿಂದ ಪ್ರದರ್ಶನಕ್ಕೆ ಬಂದಿತ್ತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ನಮ್ಮದು ಎಂದು ಪೂಜೋ ಕಂಪನಿಯವರು ತಕರಾರು ತೆಗೆದದ್ದರಿಂದ 911 ಆಯಿತು. ಎಂಜಿನ್ ಹಿಂಬದಿಯಲ್ಲಿ. ಅದನ್ನು ತಣಿಸಲು ನೀರಿಲ್ಲ, ಗಾಳಿಯೇ ಗತಿ. ಈ ಗಾಳಿಯ ಪದ್ಧತಿ 1998ರವರೆಗೂ ನಡೆದು ಬಂತು.

ಮಗು ಮಲಗಿದ ಹೊತ್ತಿನಲ್ಲಿ ನಾನು ಅವರ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಮಗಳು ನಡುವೆ ನಿಂತು 'ಅಮ್ಮಾ, ಅವರು ಹೀಗಂತಿದಾರೆ' ಎನ್ನುವಳು. ಹೀಗೆ ತಿಳಿದ ವಿಷಯ ಇಷ್ಟು: ಎಂಜಿನ್ನಿಗೆ ಆರು ಸಿಲಿಂಡರು, ಒಂದೊಂದಕ್ಕೆ ಎರಡು ವಾಲ್ವು. ಒಂದು ಉಸಿರು ಒಳಗೆ ಬಿಡುವ ಬಾಗಿಲು, ಇನ್ನೊಂದು ಹೊಗೆ ಹೊರಗೆ ಕಳಿಸುವ ಬಾಗಿಲು. ಬಾಗಿಲನ್ನು ತಳ್ಳುವ ರಾಕರ್ ಎಂಬ ತೋಳಿಗೂ ವಾಲ್ವಿನ ಕಡ್ಡಿಯ ತುದಿಗೂ ನಡುವೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, 0.10 ಮಿಲಿಮೀಟರ್ ಸಂದಿರಬೇಕು. ನಾವು ಬರೆಯುವ ಕಾಗದದ ಒಂದು ಹಾಳೆಯ ದಪ್ಪ. ಸಂದು ಹೆಚ್ಚಾದರೆ ಟಿಕ್ ಟಿಕ್ ಎಂದು ಸದ್ದು. ಕಡಿಮೆಯಾದರೆ ಸದ್ದೇ ಇಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ, ಶಾಖ ಇಳಿಯದೆ, ವಾಲ್ವು ಸುಟ್ಟುಹೋಗುತ್ತದೆ. ಗೊಣಗುವವರಿಗಿಂತ ಬಾಯಿಮುಚ್ಚಿ ಬೇಯುವವರ ಬಗ್ಗೆ ಹೆಚ್ಚು ಎಚ್ಚರವಿರಬೇಕು ಎಂದು ನಾನಂದಾಗ ಮಗಳು ಅದನ್ನು ಅನುವಾದಿಸಲಿಲ್ಲ.

ಈ ಸಂದನ್ನು ಸರಿಪಡಿಸುವ ತಿರುಪಿನ ತುದಿಯಲ್ಲಿ ಅತ್ತಿತ್ತ ಹೊರಳುವ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದಕ್ಕೆ ಮೆಕ್ಯಾನಿಕರು ಇಟ್ಟ ಹೆಸರು ಆನೆಪಾದ. ಹೆಸರು ಚೆಂದ, ಸ್ವಭಾವ ಕೆಟ್ಟದ್ದು. ಅದು ಹೊರಳುವುದರಿಂದ ಸಾಮಾನ್ಯ ಫೀಲರ್ ಗೇಜಿನ ತಗಡು ಒಳಗೆ ಹೋಗದೆ ಮುದುಡುತ್ತದೆ. ಹಾಗಾಗಿಯೇ ಇದಕ್ಕೆಂದೇ ಬೇರೆ ಉಪಕರಣ, ಸಂಖ್ಯೆ ಪಿ 213: ಬಾಗಿದ ಹಿಡಿಯ ತುದಿಗೆ ಬದಲಾಯಿಸಬಹುದಾದ ಒಂದು ಕಿರು ತಗಡು. ಹಿಡಿಯನ್ನು ಕಂಡು ನನಗೆ ಸಂತೋಷವಾಯಿತು. ಕೈ ಹೋಗದ ಕಡೆಗೆ ಬೆರಳನ್ನು ಉದ್ದ ಮಾಡಿಕೊಟ್ಟಂತಿದೆ. ತಗಡಿನ ಬಗ್ಗೆ ಈ ಮಾತು ಹೇಳಲಾರೆ. ಈರುಳ್ಳಿಯ ಒಳಸಿಪ್ಪೆಯಂತಿರುವ ಅದು ಕೆಲಸದ ನಡುವೆಯೇ ಹರಿಯುತ್ತದೆ. ಡಬ್ಬಿಯ ತುಂಬ ಹರಿದ ತಗಡುಗಳಿದ್ದವು, ನಮ್ಮ ಹೊಲಿಗೆ ಡಬ್ಬಿಯಲ್ಲಿ ಮುರಿದ ಸೂಜಿಗಳಿರುವ ಹಾಗೆ. ಅಷ್ಟು ಸಾಲದೆಂಬಂತೆ, ತಿರುಪನ್ನು ಸರಿಯಾಗಿ ನಿಲ್ಲಿಸಿ ಮೇಲಿನ ನಟ್ಟನ್ನು ಬಿಗಿಯುವಾಗ ತಿರುಪೂ ಜೊತೆಗೆ ತುಸು ತಿರುಗಿಬಿಡುತ್ತದೆ. ಆಗ ಮೊದಲಿಂದ ಅಳೆಯಬೇಕು. ಕೆಳಗಿನ ಆರು ವಾಲ್ವುಗಳಿಗಂತೂ ಕಾರಿನಡಿ ಅಂಗಾತ ಮಲಗಿಯೇ ಆಗಬೇಕು.

ಇನ್ನು ಕೈಪಿಡಿ. ನನ್ನ ನಿಜವಾದ ಜಗಳ ಇದರ ಜೊತೆಗೆ. ಮಿಲಿಮೀಟರಿನ ನೂರನೆಯ ಪಾಲಿನವರೆಗೆ ಲೆಕ್ಕ ಕೊಡುವ ಈ ಕೈಪಿಡಿಗಳು, ಸಂದು ಸರಿಯಾಯಿತೆಂದು ತಿಳಿಯುವುದು ಹೇಗೆ ಎನ್ನುವಲ್ಲಿಗೆ ಬಂದಾಗ ಗುಣವಾಚಕಕ್ಕೆ ಜಾರುತ್ತವೆ. ಇಂಗ್ಲಿಷಿನಲ್ಲಾದರೆ ತಗಡು 'ತುಸು ಎಳೆತದೊಂದಿಗೆ' ಸರಿಯಬೇಕು. ತುಸು ಎಂದರೆ ಎಷ್ಟು? ಯಾರ ಕೈಗೆ ತುಸು? ಹದ ಎಂದರೆ ನಗುವವರು ಇಲ್ಲಿ ನಗುವುದಿಲ್ಲ. ಜರ್ಮನ್ ಮೆಕ್ಯಾನಿಕರ ಮಾತು ಇದಕ್ಕಿಂತ ಎಷ್ಟೋ ಮೇಲು. ಅವರು 'ಜೌಗೆಂಟ್' ಎನ್ನುತ್ತಾರೆ, ಹೀರುವಂತೆ ಎಂದರ್ಥ. ತಗಡನ್ನು ಎಳೆದಾಗ ಎರಡು ಕಡೆಯ ಎಣ್ಣೆಮೈ ಅದನ್ನು ಹೀರಿ ಹಿಡಿದಂತಿರಬೇಕು, ಆದರೂ ಬಿಡಬೇಕು. ಮಗಳು ಇದನ್ನು ಹೇಳುವಾಗ ಅವಳ ತೋಳಿನಲ್ಲಿ ಕೂಸಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಾಲುಣಿಸಿದವಳಿಗೆ ಆ ಹಿಡಿತ ಎಷ್ಟೆಂದು ಬೇರೆ ವಿವರಣೆ ಬೇಕೆ? ಗ್ಯಾರೇಜಿನ ಅಷ್ಟೂ ಸಾಹಿತ್ಯದಲ್ಲಿ ನನಗೆ ಹಿಡಿಸಿದ ಪದ ಇದೊಂದೇ.

ಇಲ್ಲಿಗೇ ಬರೆದು ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆ. ಆದರೆ ಅವತ್ತು ಹಿರಿಯರು ಹಿಡಿಯನ್ನು ನನ್ನ ಕೈಗೇ ಕೊಟ್ಟು, ಎಳೆದು ನೋಡಿ ಎಂದು ಸನ್ನೆ ಮಾಡಿದರು. ಎಳೆದೆ. ಏನೂ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಬಂದು ಆಗ ಹದಿನೈದು ವರ್ಷವಾಗಿತ್ತು. ಜೋಮು ಮೊದಲು ಪಾದದಲ್ಲಿ ಶುರುವಾಗಿ, ಆಮೇಲೆ ಬೆರಳ ತುದಿಗೂ ಏರಿತ್ತು. ಹಿಂದಿನ ದೀಪಾವಳಿಯಲ್ಲಿ ಪಾಕದ ಎಳೆ ಕಣ್ಣಿಗೆ ಕಂಡರೂ ಬೆರಳಿಗೆ ಹತ್ತಿರಲಿಲ್ಲ. ಮೈಸೂರುಪಾಕು ಕಲ್ಲಾಗಿತ್ತು. ಹಿಟ್ಟು ಸರಿಯಿಲ್ಲ ಎಂದು ಎಲ್ಲರೆದುರು ಸುಳ್ಳು ಹೇಳಿದ್ದೆ.

ಹಿರಿಯರು ನನ್ನ ಮುಖ ನೋಡಿ, ತಮ್ಮ ಬೆರಳನ್ನು ಮುಂದೆ ಚಾಚಿ, ಇಲ್ಲ ಎನ್ನುವಂತೆ ತಲೆಯಾಡಿಸಿದರು. ಅವರದ್ದೂ ಅದೇ ಕಥೆ. ಆಮೇಲೆ ಪಿ 213 ಬದಿಗಿಟ್ಟು, ಬೇರೆ ಎರಡು ತೆಳು ತಗಡು ತೆಗೆದರು. ಇದು ಇನ್ನೊಂದು ವಿಧಾನ. ಆನೆಪಾದದ ಕಡೆ ಅಳೆಯದೆ ರಾಕರಿನ ಮತ್ತೊಂದು ತುದಿಯಲ್ಲಿ, ಅದು ಕ್ಯಾಮ್‌ಶಾಫ್ಟಿಗೆ ಎದುರಾಗುವಲ್ಲಿ ಅಳೆಯುವುದು. ಆ ಬದಿಯಲ್ಲಿ ಸಂದು ಇನ್ನೂ ಕಿರಿದು. ಅಂಗುಲದ ಹತ್ತು ಸಾವಿರದಲ್ಲಿ 25 ಪಾಲಿನ ತಗಡು ಒಳಗೆ ಹೋಗಬೇಕು, 30 ಪಾಲಿನದು ಹೋಗಬಾರದು. ಅಷ್ಟೇ. ಹೀರುವುದೂ ಇಲ್ಲ, ಎಳೆತವೂ ಇಲ್ಲ; ಹೋಗುತ್ತದೆ ಅಥವಾ ಹೋಗುವುದಿಲ್ಲ. ಹಳೆಯ ಆನೆಪಾದ ಸವೆದು ಗುಳಿಬಿದ್ದಿದ್ದರೆ ಅಲ್ಲಿಟ್ಟ ತಗಡು ಗುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಲೆಕ್ಕ ಕೊಡುತ್ತದೆ. ಆ ಮೋಸವೂ ಇಲ್ಲಿಲ್ಲ.

ಒಂದು ವಾರ ಮೊದಲಾಗಿದ್ದರೆ ಈ ವಿಧಾನವನ್ನು ಕೈಬರಹ ಬಾರದವರ ಟೈಪ್‌ರೈಟರ್ ಎಂದು ಹಳಿಯುತ್ತಿದ್ದೆ. ಅವತ್ತು ಸುಮ್ಮನೆ ಕೂತು ನೋಡಿದೆ. ಆ ದಿನ ಹೊತ್ತು ಮುಳುಗುವುದರೊಳಗೆ ಏಳು ವಾಲ್ವು ಮುಗಿದವು. ಉಳಿದ ಐದಕ್ಕೆ ಮರುದಿನ ಅವರ ಮಗಳು ಬಂದು ಕಾರಿನಡಿ ಮಲಗಿದಳು. ಅಪ್ಪ ಹೊರಗೆ ಕೂತು ಯಾವ ತಗಡು ಹೋಯಿತು, ಯಾವುದು ಹೋಗಲಿಲ್ಲ ಎಂದು ಕೇಳುತ್ತಿದ್ದರು.

ಪಾಕದ ಶಾಖ ನೋಡುವ ಥರ್ಮಾಮೀಟರನ್ನು ನನ್ನ ಮಗಳು ಎರಡು ವರ್ಷ ಮೊದಲೇ ಕಳಿಸಿದ್ದಳು. ನಾನು ಅದರ ರಟ್ಟಿನ ಡಬ್ಬಿ ಕೂಡ ಒಡೆದಿರಲಿಲ್ಲ. ಊರಿಗೆ ಬಂದ ಮೇಲೆ ಒಡೆದೆ.