ಮರ ಬಿದ್ದಾಗ ಎದ್ದ ಮಾತು

ನಮ್ಮ ಆಲಂಕಾರಿಕರು ಶೋಕಕ್ಕೂ ಕರುಣಕ್ಕೂ ನಡುವೆ ಒಂದು ಗೆರೆ ಎಳೆದಿದ್ದಾರೆ. ಶೋಕ ಲೋಕದ್ದು, ಕರುಣ ಕಾವ್ಯದ್ದು. ಮನೆಯಲ್ಲಿ ಸಾವಾದಾಗ ಅಳುವವನು ಶೋಕಿಸುತ್ತಾನೆ. ಆ ಅಳು ಸಹೃದಯನಿಗೆ ರಸವಾಗಬೇಕಾದರೆ ‘ನನ್ನದು’ ಎಂಬ ಅಂಟನ್ನು ಅದು ಕಳಚಿಕೊಳ್ಳಬೇಕು. ಈ ಗೆರೆ ಪಾಠದ ಕೊಠಡಿಗೆ ಮಾತ್ರ ಸಲ್ಲತಕ್ಕ ಹಳೆಯ ಸರಕೆಂದು ತಿಳಿದವರುಂಟು. ಆದರೆ ಇಂಗ್ಲೆಂಡಿನಲ್ಲಿ ಒಂದು ಮರ ಬಿದ್ದಾಗ ಜನ ಆಡಿದ ಮತ್ತು ಬರೆದ ಮಾತುಗಳನ್ನು ತೂಗಿ ನೋಡಲು ನನಗೆ ಇದಕ್ಕಿಂತ ನೆಚ್ಚಿನ ತಕ್ಕಡಿ ದೊರೆಯಲಿಲ್ಲ.

ಮರದ ವೃತ್ತಾಂತ ಚಿಕ್ಕದು. ಉತ್ತರ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್ ಸೀಮೆಯಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಕ್ರಿ. ಶ. 122ರಲ್ಲಿ ಕಟ್ಟತೊಡಗಿದ ಮಹಾಗೋಡೆಯ ಮಗ್ಗುಲಿಗೆ, ಎರಡು ದಿಬ್ಬಗಳ ನಡುವಣ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರ ಅದು. ತಗ್ಗಿಗೂ ಮರದ ಹೆಸರೇ: ‘ಸಿಕಮೋರ್ ಗ್ಯಾಪ್’. 1991ರ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ ಎಂಬ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡು ಅದು ದೇಶಾಂತರಗಳಲ್ಲಿ ಹೆಸರಾಯಿತು. 2016ರಲ್ಲಿ ವುಡ್‌ಲ್ಯಾಂಡ್ ಟ್ರಸ್ಟ್ ನಡೆಸಿದ ಸ್ಪರ್ಧೆಯಲ್ಲಿ ಇಂಗ್ಲೆಂಡಿನ ‘ವರ್ಷದ ಮರ’ವೆನಿಸಿತು. 2023ರ ಸೆಪ್ಟೆಂಬರ್ 28ರಂದು, ನಡುರಾತ್ರಿ ಕಳೆದ ಮೇಲೆ, ಗಾಳಿ ಬೀಸುತ್ತಿದ್ದ ಕತ್ತಲಲ್ಲಿ ಇಬ್ಬರು ಬಂದು ಯಂತ್ರದ ಗರಗಸದಿಂದ ಅದನ್ನು ಕೊಯ್ದು ಕೆಡವಿದರು. ಮರ ಗೋಡೆಯ ಮೇಲೆ ಬಿತ್ತು. ಬೆಳಗಾದಾಗ ತಗ್ಗು ಇತ್ತು, ಮರ ಇರಲಿಲ್ಲ.

ಅದರ ಮೇಲೆ ಜನಕ್ಕೆ ಅಷ್ಟು ಪ್ರೀತಿ ಏಕೆ? ವಯಸ್ಸಿಗಾಗಿಯೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ನೆಲದ ಒಡೆಯನಾಗಿದ್ದ ಜಾನ್ ಕ್ಲೇಟನ್ ಅದನ್ನು ನೆಡಿಸಿದನೆಂದು ನಂಬಿಕೆ. ಸಾವಿರ ವರ್ಷದ ಮರಗಳಿರುವ ಆ ದೇಶದಲ್ಲಿ ಇದು ಹೆಚ್ಚಿನ ವಯಸ್ಸೇನಲ್ಲ. ನೆಲದ ಮರವೆಂದೆ? ಸಿಕಮೋರ್ ಬ್ರಿಟನ್ನಿನ ಮೂಲವೃಕ್ಷವಲ್ಲ. ಯೂರೋಪಿನ ಮುಖ್ಯ ಭೂಭಾಗದಿಂದ ಬಂದದ್ದು. ಅದರ ಪಕ್ಕದ ಗೋಡೆಯೂ ಹೊರಗಿನಿಂದ ಬಂದವರು ಕಟ್ಟಿದ್ದೆ. ಪ್ರೀತಿಯ ಕಾರಣ ಆ ಸಂನಿವೇಶದಲ್ಲಿ ಇದೆ. ಹಿಮಯುಗದ ನೀರು ಕೊರೆದ ಬಿಲ್ಲಿನಂಥ ತಗ್ಗು, ಅದರ ನಡುವೆ ದುಂಡನೆಯ ಒಂದೇ ಕೊಡೆ, ಹಿಂದೆ ಬರಿಯ ಆಕಾಶ. ಒಂದು ಪದವನ್ನೂ ಕೂಡಿಸಲಾರದ, ಕಳೆಯಲಾರದ ಪದ್ಯದಂತೆ ಇತ್ತು ಆ ನೋಟ. ಅಲ್ಲಿ ಮದುವೆಯ ಮಾತು ಆಡಿದವರಿದ್ದರು, ತೀರಿಕೊಂಡವರ ಚಿತಾಭಸ್ಮವನ್ನು ಚೆಲ್ಲಿ ಹೋದವರಿದ್ದರು. ಸುಂದರವಾದ ಒಂದು ವಸ್ತು, ಅದರ ಸುತ್ತ ಸಾವಿರ ಮನೆಗಳ ನೆನಪು: ವಿಭಾವ ಸಾಮಗ್ರಿ ಸಿದ್ಧವಾಗಿಯೇ ಇತ್ತೆಂದು ಹೇಳಬೇಕು.

ಮರ ಬಿದ್ದ ಸುದ್ದಿ ಹರಡಿದೊಡನೆ ಜನ ಅತ್ತರು. ಬುಡದ ಬಳಿಗೆ ಹೋಗಿ ಮೌನವಾಗಿ ನಿಂತರು, ಪದ್ಯ ಬರೆದರು, ‘ಕೊಲೆ’ ಎಂದರು. ಇದನ್ನು ಕಂಡು ಮೂಗು ಮುರಿದವರೂ ಕಡಮೆಯಿಲ್ಲ. ಲೋಕದಲ್ಲಿ ಮನುಷ್ಯರು ಸಾಯುತ್ತಿರುವಾಗ, ಕಾಡಿಗೆ ಕಾಡೇ ಬೋಳಾಗುತ್ತಿರುವಾಗ, ಒಂದು ಮರಕ್ಕೆ ಇಷ್ಟು ರೋದನವೆ, ಇದು ಬರಿಯ ಭಾವುಕತೆಯಲ್ಲವೆ ಎಂಬುದು ಅವರ ಆಕ್ಷೇಪ. ತರಗತಿಯಲ್ಲಿ ಈ ಪ್ರಸಂಗ ಬಂದಾಗ ನನ್ನ ವಿದ್ಯಾರ್ಥಿಯೊಬ್ಬನು ಇದನ್ನೇ ನಮ್ಮ ಕಡೆಗೆ ತಿರುಗಿಸಿ ಕೇಳಿದನು: “ರಸ್ತೆ ಅಗಲ ಮಾಡುವುದಕ್ಕೆ ನಮ್ಮೂರಿನ ಸಾಲುಮರ ಕಡಿದರಲ್ಲ ಸಾರ್, ಆಗ ಯಾರು ಅತ್ತರು?”

ಪ್ರಶ್ನೆ ನ್ಯಾಯವಾದದ್ದು. ಆದರೆ ಅದರಿಂದ ಸಿದ್ಧವಾಗುವುದು ನಾವು ಅಳಲಿಲ್ಲ ಎಂಬುದೇ ಹೊರತು ಅವರು ಅಳಬಾರದಾಗಿತ್ತು ಎಂಬುದಲ್ಲ. ಮನುಷ್ಯನ ಹೃದಯ ಸಂಖ್ಯೆಗಾಗಿ ಅಳಲಾರದು. ಭಾವಕ್ಕೆ ಆಲಂಬನ ಬೇಕು. ಆಲಂಬನ ಒಂದಾಗಿರಬೇಕು, ಕಣ್ಣಿಗೆ ಕಾಣಬೇಕು. ವಾಲ್ಮೀಕಿ ತಮಸಾತೀರದಲ್ಲಿ ಮರುಗಿದ್ದು ಒಂದು ಹಕ್ಕಿಗೆ. ಆ ದಿನ ಆ ಕಾಡಿನಲ್ಲಿ ಬೇಡರ ಬಾಣಕ್ಕೆ ಇನ್ನೆಷ್ಟು ಹಕ್ಕಿಗಳು ಬಿದ್ದಿದ್ದವೋ ಬಲ್ಲವರಾರು? ಅವುಗಳ ಲೆಕ್ಕ ಹಾಕಿಕೊಂಡು ಮುನಿ ಸುಮ್ಮನಿದ್ದಿದ್ದರೆ ನಮಗೆ ಆದಿಕಾವ್ಯವಿಲ್ಲ. ಒಂದರಲ್ಲಿ ಮರುಗಲು ಕಲಿತವನೇ ಹಲವಕ್ಕೆ ಮರುಗಬಲ್ಲನು. ಆದುದರಿಂದ ಮೊದಲನೆಯ ಆಕ್ಷೇಪವನ್ನು ನಾನು ಒಪ್ಪಲಾರೆ.

ಆದರೆ ಆ ಕಥೆಯಲ್ಲಿಯೇ ಎರಡನೆಯ ಪಾಠವೊಂದಿದೆ. ಮುನಿಯ ಬಾಯಿಂದ ಮೊದಲು ಹೊರಟದ್ದು ಶಾಪ. ಹೊರಟ ಮರುಕ್ಷಣವೇ ‘ನಾನು ಆಡಿದ್ದು ಏನು?’ ಎಂದು ಅವನು ಚಿಂತಿಸಿದನು. ಆ ಚಿಂತೆಯಿಂದ ಕಾವ್ಯ ಹುಟ್ಟಿತು. ಬೇಡನು ಕಥೆಯಿಂದಲೇ ಮರೆಯಾದನು. ಸಿಕಮೋರ್ ಗ್ಯಾಪಿನ ಜನರಲ್ಲಿ ಹಲವರು ಶಾಪದಲ್ಲಿಯೇ ನಿಂತರು. ಶೋಕಕ್ಕೆ ಶತ್ರು ಬೇಕಿಲ್ಲ, ರೌದ್ರಕ್ಕೆ ಬೇಕೇ ಬೇಕು. ಶತ್ರು ಸಿಕ್ಕುವವರೆಗೆ ಅದು ಎದುರಿಗೆ ಬಂದವರ ಮೇಲೆ ಎರಗುತ್ತದೆ. ಮೊದಲಲ್ಲಿ ಪೊಲೀಸರು ಹಿಡಿದವರಲ್ಲಿ ಹದಿನಾರು ವರ್ಷದ ಒಬ್ಬ ಹುಡುಗನಿದ್ದನು. ಅವನ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ಜನದ ಕೋಪ ತನ್ನ ತೀರ್ಪನ್ನು ಬರೆದಾಗಿತ್ತು.

‘ಕೊಲೆ’ ಎಂಬ ಮಾತನ್ನೂ ಇಲ್ಲಿಯೇ ಪರಿಶೀಲಿಸಬೇಕು. ಮುಖ್ಯಾರ್ಥಕ್ಕೆ ಬಾಧೆ ಬಂದಲ್ಲಿ ಲಕ್ಷಣೆ ಕೆಲಸಮಾಡುತ್ತದೆ. ‘ಮರದ ಕೊಲೆ’ ಎಂದಾಗ ಆ ಮರ ನಮಗೆ ಮನೆಯವರಂತೆ ಇತ್ತು ಎಂಬ ಪ್ರಯೋಜನ ಹೊಳೆಯುತ್ತದೆ, ಮಾತು ಸಾರ್ಥಕ. ಅದನ್ನೇ ವಾಚ್ಯವೆಂದು ಹಿಡಿದು ಕಡಿದವರ ತಲೆ ಕೇಳಲು ಹೊರಟರೆ ಅಲಂಕಾರ ಕತ್ತಿಯಾಗುತ್ತದೆ. ನ್ಯಾಯಾಲಯದ ಭಾಷೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಅಪರಾಧದ ಹೆಸರು ಆಸ್ತಿಗೆ ಮಾಡಿದ ಹಾನಿ. ಮರದ ಬೆಲೆ 6,22,191 ಪೌಂಡು, ಗೋಡೆಗೆ ಆದ ಹಾನಿ 1,144 ಪೌಂಡು ಎಂದು ಲೆಕ್ಕ. 2025ರ ಮೇ ತಿಂಗಳಲ್ಲಿ ಇಬ್ಬರೂ ಅಪರಾಧಿಗಳೆಂದು ನ್ಯೂಕಾಸಲ್ಲಿನ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಜುಲೈ 15ರಂದು ತಲೆಗೆ ನಾಲ್ಕು ವರ್ಷ ಮೂರು ತಿಂಗಳ ಸೆರೆಯಾಯಿತು. ಸಾಹಿತಿಗಳಿಗೆ ಈ ಪೌಂಡಿನ ಲೆಕ್ಕ ಹಾಸ್ಯಾಸ್ಪದವಾಗಿ ಕಂಡೀತು. ನನಗೆ ಹಾಗೆ ಕಾಣದು. ಕಾನೂನಿಗೆ ಅಳಲು ಬಾರದು, ಎಣಿಸಲು ಬರುತ್ತದೆ. ಎಣಿಸುವುದರಿಂದಲೇ ಅದು ಕೋಪಕ್ಕೆ ಎಲ್ಲೆ ಹಾಕುತ್ತದೆ.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಮರ ಬೀಳುವುದನ್ನು ಆ ಇಬ್ಬರೇ ಫೋನಿನಲ್ಲಿ ಚಿತ್ರಿಸಿಕೊಂಡಿದ್ದರು: ಎರಡು ನಿಮಿಷ ನಲವತ್ತೊಂದು ಸೆಕೆಂಡಿನ ಚಿತ್ರ. ಬುಡದಿಂದ ಒಂದು ತುಂಡನ್ನು ಕೊಂಡೊಯ್ದರು, ಅದು ಸಿಕ್ಕಲಿಲ್ಲ. ಸುದ್ದಿ ಲೋಕವನ್ನೆಲ್ಲ ಸುತ್ತುತ್ತಿರುವುದನ್ನು ಕಂಡು ಮರುದಿನ ಪರಸ್ಪರ ಹಿಗ್ಗಿಕೊಂಡರೆಂದು ವಿಚಾರಣೆಯಲ್ಲಿ ಹೊರಪಟ್ಟಿತು. ಲಾಭವೆಂಬುದಿಲ್ಲ, ದಿಟ್ಟತನ ಮೆರೆಯುವ ಹುಮ್ಮಸ್ಸು, ನೋಡುವವರಿದ್ದಾರೆಂಬ ಉಬ್ಬು. ಪ್ರೀತಿಸಿದವರು ಆ ಮರವನ್ನು ಚಿತ್ರವಾಗಿ ಕಂಡಿದ್ದರು. ಕೆಡವಿದವರೂ ಅದನ್ನು ಚಿತ್ರವಾಗಿಯೇ ಕಂಡರು. ನಾವು ಗಟ್ಟಿಯಾಗಿ ಕೂಗಿದಷ್ಟೂ ಆ ಹಿಗ್ಗಿಗೆ ಮೇವು ಸಿಕ್ಕುತ್ತದೆ ಎಂಬುದು ಕಹಿಯಾದರೂ ನಿಜ.

ಹಾಗಾದರೆ ಮರ ಬಿದ್ದಾಗ ಆಡತಕ್ಕ ಮಾತು ಎಂಥದು? ಇಂಗ್ಲಿಷ್ ಕಾವ್ಯದಲ್ಲಿಯೇ ಎರಡು ಮೇಲ್ಪಂಕ್ತಿಗಳಿವೆ. ವಿಲಿಯಂ ಕೂಪರ್ 1784ರಲ್ಲಿ ‘ದಿ ಪಾಪ್ಲರ್ ಫೀಲ್ಡ್’ ಎಂಬ ಕವಿತೆಯನ್ನು ಬರೆದನು. ಕಡಿದುಹೋದ ಮರಗಳನ್ನು ಕಂಡು ಅವನಿಗೆ ನೆನಪಾಗುವುದು ತನ್ನ ಆಯುಷ್ಯ. ಮರ ಅವನಿಗೆ ಕನ್ನಡಿ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1879ರಲ್ಲಿ, ಆಕ್ಸ್‌ಫರ್ಡಿನ ಬಳಿ ಕಡಿದ ಇಂಥವೇ ಮರಗಳ ಮೇಲೆ ‘ಬಿನ್ಸಿ ಪಾಪ್ಲರ್ಸ್’ ಬರೆದನು. ಅವನ ಕಣ್ಣು ಮುಂದೆ ಹುಟ್ಟಲಿರುವವರ ಮೇಲೆ: ಇಲ್ಲಿ ಎಂಥ ಚೆಲುವಿತ್ತೆಂದು ಅವರು ಊಹಿಸಲೂ ಆರರಲ್ಲ ಎಂಬ ಸಂಕಟ. ಕೂಪರನದು ಸೊಗಸಾದ ಕವಿತೆ, ಹಾಪ್ಕಿನ್ಸನದು ದೊಡ್ಡದು. ಮೊದಲನೆಯದರಲ್ಲಿ ಶೋಕ ಕವಿಯ ಬಳಿಗೆ ಹಿಂದಿರುಗುತ್ತದೆ. ಎರಡನೆಯದರಲ್ಲಿ ಕವಿಯನ್ನು ದಾಟಿ ಹೋಗುತ್ತದೆ. ಕ್ರೌಂಚದ ಪ್ರಸಂಗವನ್ನು ಆನಂದವರ್ಧನ ನೆನೆದಲ್ಲಿ, ಅದು ಮುನಿಯ ಸ್ವಂತ ದುಃಖವೆಂದು ತಿಳಿಯಕೂಡದೆಂದು ಅಭಿನವಗುಪ್ತ ಎಚ್ಚರಿಸಿದ್ದು ಈ ದಾಟುವಿಕೆಯನ್ನು ಕುರಿತೇ.

ಈ ತಕ್ಕಡಿಯಲ್ಲಿಟ್ಟರೆ 2023ರ ಮಾತುಗಳಲ್ಲಿ ಬಹುಪಾಲು ಕೂಪರನ ಕಡೆಯವು: ನನ್ನ ಮದುವೆ, ನಮ್ಮ ತಂದೆಯ ಬೂದಿ, ನನ್ನ ಬಾಲ್ಯ. ಇವು ಸುಳ್ಳಲ್ಲ, ಹಗುರವೂ ಅಲ್ಲ, ಶೋಕದ ಹಂತದವು. ಇವುಗಳ ನಡುವೆ ಮಾತಿಲ್ಲದ ಒಂದು ಪ್ರತಿಕ್ರಿಯೆ ನನ್ನ ಮನಸ್ಸಿನಲ್ಲಿ ನಿಂತಿದೆ. ಮರ ಬಿದ್ದ ಮರುದಿನವೇ ಒಬ್ಬ ತರುಣನು ತನ್ನ ದುಡ್ಡಿನಲ್ಲಿ ಸಿಕಮೋರ್ ಸಸಿಯೊಂದನ್ನು ಕೊಂಡು ತಂದು ಅದೇ ತಗ್ಗಿನಲ್ಲಿ ನೆಟ್ಟನು. ವಿಶ್ವಪರಂಪರೆಯ ತಾಣವಾದ ಪ್ರಾಚೀನ ಸ್ಮಾರಕದ ನೆಲವನ್ನು ಅಪ್ಪಣೆಯಿಲ್ಲದೆ ಅಗೆಯುವಂತಿಲ್ಲವೆಂದು ನೆಲದ ಒಡೆತನದ ನ್ಯಾಷನಲ್ ಟ್ರಸ್ಟ್ ಅದನ್ನು ಕಿತ್ತು ಬೇರೆಡೆಗೆ ಸಾಗಿಸಿತು. ಇಬ್ಬರದೂ ಸರಿ. ಇಬ್ಬರೂ ಸರಿಯಾಗಿರುವಾಗ ಹುಟ್ಟುವ ನೋವು ನಾಟಕಕ್ಕೆ ತಕ್ಕ ವಸ್ತು. ಆದರೆ ಬೈಗುಳದ ಗದ್ದಲದಲ್ಲಿ ಇದನ್ನು ಕೇಳಿದವರು ಕೆಲವರೇ.

ಮುಂದಿನದನ್ನು ಮರವೇ ಹೇಳಿತು. 2024ರ ಬೇಸಗೆಯಲ್ಲಿ ಬುಡ ಚಿಗುರಿತು. ಎಳೆಯ ಕುಡಿಗಳು ಎದ್ದವು. ಬಿದ್ದ ಮರದ ಬೀಜಗಳಿಂದಲೂ ಕಡ್ಡಿಗಳಿಂದಲೂ ಟ್ರಸ್ಟಿನವರು ಸಸಿಗಳನ್ನು ಬೆಳೆಸಿದರು. ಮರ ನಲವತ್ತೊಂಬತ್ತು ಅಡಿ ಎತ್ತರವಿತ್ತೆಂದು ನಲವತ್ತೊಂಬತ್ತು ಸಸಿಗಳನ್ನು ಹಂಚುವುದಾಗಿ ಸಾರಿದಾಗ ಐನೂರರ ಸಮೀಪ ಅರ್ಜಿಗಳು ಬಂದವು. ‘ಸತ್ತಿತು’ ಎಂದು ಹಾಡಿದ ಚರಮಗೀತೆಗಳೆಲ್ಲ ಅವಸರದವಾದವು. ಕನ್ನಡದ ಒಕ್ಕಲಿಗನು ಮರವನ್ನು ‘ಕಡಿದರು’ ಎನ್ನುತ್ತಾನೆ, ‘ಕೊಂದರು’ ಎನ್ನುವುದಿಲ್ಲ. ಅದು ಅವನ ಒರಟುತನವಲ್ಲ. ಕಡಿದದ್ದು ಚಿಗುರುವುದುಂಟು ಎಂಬ ಅನುಭವ ಆ ಕ್ರಿಯಾಪದದಲ್ಲಿ ಅಡಗಿದೆ.

ಮರದ ಕಾಂಡದ ಬಹುಭಾಗವನ್ನು 2025ರ ಜುಲೈಯಲ್ಲಿ, ಅಲ್ಲಿಗೆ ಹತ್ತಿರದ ‘ದಿ ಸಿಲ್’ ಎಂಬ ಕೇಂದ್ರದಲ್ಲಿ, ಜನ ಮುಟ್ಟಿ ತಬ್ಬುವಂತೆ ನಿಲ್ಲಿಸಿದ್ದಾರೆ. ಜನ ಬರೆದು ಕಳುಹಿಸಿದ ಮಾತುಗಳನ್ನು ಅದರ ಸುತ್ತಣ ಆಸನಗಳಲ್ಲಿ ಕೊರೆದಿದ್ದಾರೆ. ಶೋಕಕ್ಕೆ ಕೂರಲು ಒಂದು ತಾಣವಾಯಿತು, ಒಳ್ಳೆಯದೇ. ಆದರೂ ವಿಮರ್ಶಕನಾಗಿ ನನ್ನ ಮತ ಆ ಸಸಿಯ ಅರ್ಜಿಗಳ ಕಡೆಗೆ. ಕೊರೆದ ಮಾತು ಆಗಿಹೋದದ್ದನ್ನು ಹೇಳುತ್ತದೆ. ಅರ್ಜಿ ನೀರೆರೆಯುವ ಹೊಣೆಯನ್ನು ಬೇಡುತ್ತದೆ. ಬುಡದಲ್ಲಿ ಚಿಗುರಿದ್ದು ಹಳೆಯ ಮರದ ಗಾತ್ರಕ್ಕೆ ಬರಬೇಕಾದರೆ ತಲೆಮಾರುಗಳೇ ಹಿಡಿಯುತ್ತವೆ. ಇಂದು ಅತ್ತವರಲ್ಲಿ ಯಾರೂ ಅದನ್ನು ಕಾಣಲಾರರು. ತಾನು ಕಾಣಲಾಗದ ನೆರಳಿಗಾಗಿ ಬರೆದ ಅರ್ಜಿಯಲ್ಲಿ ‘ನನ್ನದು’ ಎಂಬ ಅಂಟು ಉಳಿಯುವುದು ಕಷ್ಟ. ಶೋಕ ಕರುಣವಾಗುವುದು ಅಲ್ಲಿ.