ಅಂಟಿ ಕೂತ ಒಂಬತ್ತು ಚೆಂಡು

ಪೂಲ್ ಮೇಜಿನ ಮೇಲೆ ಚೆಂಡು ಜೋಡಿಸಿ ಚೌಕಟ್ಟು ಎತ್ತಿದ ಮೇಲೆ ಅನುಭವಿ ಆಟಗಾರ ಮೊದಲು ಬಗ್ಗಿ ನೋಡುತ್ತಾನೆ. ನಡುವೆ ಕೂದಲೆಳೆಯಷ್ಟು ಸಂದಿ ಕಂಡರೂ ಮತ್ತೆ ಜೋಡಿಸು ಅಂತಾನೆ.

ಅದು ಬರೀ ಗೊಣಗಾಟವಲ್ಲ. 57 ಮಿ.ಮೀ. ಅಗಲದ ರಾಳದ ಚೆಂಡುಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಮುಂದಿನದಕ್ಕೆ ಬಿಳಿ ಚೆಂಡಿನಿಂದ ಬಿದ್ದ ಪೆಟ್ಟು ಸಾಲುಸಾಲಾಗಿ ಹಿಂದಕ್ಕೆ ದಾಟುತ್ತದೆ. ನಡುವಿನವು ಅಲ್ಲೇ ಮಿಸುಕಾಡುತ್ತವೆ. ಬೆನ್ನಿಗೆ ತಡೆಯಿಲ್ಲದ ಅಂಚಿನವು ಸಿಡಿಯುತ್ತವೆ. ಒಂಬತ್ತು ಚೆಂಡಿನ ಆಟವಾದ ನೈನ್-ಬಾಲ್‌ನಲ್ಲಿ ಪಕ್ಕದ ತುದಿಯ ‘ರೆಕ್ಕೆ’ ಚೆಂಡು ಪದೇ ಪದೇ ಮೂಲೆಯ ಕುಳಿಗೇ ಓಡುವುದು ಈ ಬಿಗಿಯಿಂದ. ಸಂದಿಯಿದ್ದರೋ, ದಿಕ್ಕು ದೇವರಿಗೇ ಗೊತ್ತು!

ಜೋಡಿಸಿದ ಚೆಂಡುಗಳನ್ನು ಚದುರಿಸುವ ಆ ಮೊದಲ ಹೊಡೆತಕ್ಕೆ, ಅಂದರೆ ಬ್ರೇಕ್‌ಗೆ, ಬರೀ ತೋಳ್ಬಲವೂ ಸಾಲದು. 2022ರ ನೈನ್-ಬಾಲ್ ವಿಶ್ವ ಚಾಂಪಿಯನ್, ಅಮೆರಿಕದ ಶೇನ್ ವ್ಯಾನ್ ಬೋನಿಂಗ್ ಅವರ ಬ್ರೇಕ್ ನೋಡಬೇಕು: ಬಣ್ಣದ ಚೆಂಡುಗಳೆಲ್ಲ ದಿಕ್ಕಾಪಾಲು, ಬಿಳಿಯದು ಮಾತ್ರ ತುಸು ಹಿಂದೆ ಪುಟಿದು ಮೇಜಿನ ನಟ್ಟನಡುವೆ ಗಕ್ಕನೆ ನಿಂತಿರುತ್ತದೆ.